ಒಣದ್ರಾಕ್ಷಿ ಶೆಡ್ಡಿನ ಗಡಿಗೆ

"ಅಕ್ಕೋರ, ಆ ಗಡಗಿಗೆ ಕೈ ಹಚ್ಚಬ್ಯಾಡ್ರಿ. ಹಚ್ಚಿದವರು ಉಳಿಯೂದಿಲ್ಲ."

ನೆರೆಮನೆಯ ರುಕ್ಮವ್ವ ಪಿಸುಗುಟ್ಟಿದಾಗ ತ್ರಿಶಲಾ ಕಿಸಕ್ಕನೆ ನಕ್ಕಳು. ನಿಪ್ಪಾಣಿಯಿಂದ ತೆಲಸಂಗದ ಶಾಲೆಗೆ ವಿಜ್ಞಾನ ಕಲಿಸಲು ಬಂದು ಇನ್ನೂ ತಿಂಗಳಾಗಿರಲಿಲ್ಲ. ಊರನ್ನೇ ತಿದ್ದಿಬಿಡುವ ಹುಮ್ಮಸ್ಸು ಮಾತ್ರ ಮೈತುಂಬ ಇತ್ತು. ಅವಳ ಬಾಡಿಗೆ ಕೋಣೆಯ ಹಿಂದೆಯೇ ಮನೆ ಮಾಲೀಕ ಮಲ್ಲೇಶನ ಒಣದ್ರಾಕ್ಷಿ ಶೆಡ್ಡು. ಹಸಿರು ಪರದೆಯೊಳಗೆ ಹಗಲಲ್ಲೂ ಕತ್ತಲೆ, ಗಂಧಕದ ಹೊಗೆಯ ಘಾಟು, ಕೊಳೆತ ಹಣ್ಣಿನ ಸಿಹಿ ನಾತ. ಮೂಲೆಯಲ್ಲಿ ಕರಿ ಬಟ್ಟೆ ಬಿಗಿದ ಗಡಿಗೆ. ಮೇಲೆ ಸೂಜಿ ಚುಚ್ಚಿದ ಲಿಂಬೆಹಣ್ಣು, ಕುಂಕುಮ, ಕೂದಲಿನ ಗಂಟು. ಮಗಳು ಸೌಂದರ್ಯಾಳ ಎದುರೇ ಹೆಂಡತಿ ದಾನೇಶ್ವರಿಯನ್ನು ದಿನಾ ಬಡಿಯುವ ಮಲ್ಲೇಶ ಆ ಮೂಲೆಯತ್ತ ತಿರುಗಿಯೂ ನೋಡುತ್ತಿರಲಿಲ್ಲ. ಅಂಥವನಿಗೆ ಮಡಕೆಯೊಂದರ ಭಯವೇ ಎಂದು ತ್ರಿಶಲಾಗೆ ಮೈಯೆಲ್ಲ ಉರಿಯಿತು.

ಸಂಜೆ ಅವನು ದ್ರಾಕ್ಷಿ ತಿರುವಲು ಬಂದಾಗ, ನಾಚಿಕೆಪಡಿಸಬೇಕೆಂದೇ ಗಡಿಗೆಯನ್ನೆತ್ತಿದಳು.

"ಬ್ಯಾಡ್ರೀ!" ಮಲ್ಲೇಶ ಚೀರಿ ಹಿಂದೆ ಸರಿದ.

"ನೋಡ್ರಿ, ಒಳಗ ಯಾವ ದೆವ್ವ ಐತಿ" ಎನ್ನುತ್ತ ತ್ರಿಶಲಾ ಬಟ್ಟೆ ಹರಿದು ಗಡಿಗೆಯನ್ನು ಬೋರಲು ಹಾಕಿದಳು.

ಎರಡು ಸೀರೆ. ಮಗುವಿನ ಫ್ರಾಕು. ಒಂದು ಹಳೆ ಮೊಬೈಲು.

ಮಲ್ಲೇಶ ಬಾಗಿ ಸೀರೆ ಎತ್ತಿಕೊಂಡ. ಮುಖದ ಭಯ ಮೆಲ್ಲಗೆ ಇಳಿಯಿತು. "ನನ್ನ ಹೆಂಡ್ತಿ ಸೀರಿ ಇವು." ಸೀರೆಯನ್ನು ಮುಷ್ಟಿಯಲ್ಲಿ ಹಿಡಿದೇ ಮನೆಯತ್ತ ನಡೆದ.

ಬಾಗಿಲಲ್ಲಿ ನಿಂತು ನೋಡಿದ್ದ ರುಕ್ಮವ್ವ ಅಲ್ಲೇ ಕುಸಿದಳು. "ಏನ್ ಮಾಡಿದ್ರಿ ಯವ್ವಾ! ಆ ಮಾಟ ಹೂಡಿದಾಕಿ ನಾನರಿ. ಅಂವ ಅಂಜೂದು ಅದೊಂದಕ್ಕ, ಅದಕ್ಕ ದಾನೇಶ್ವರಿ ಅರಿವಿ ಅಲ್ಲಿ ಮುಚ್ಚಿಟ್ಟಿದ್ವಿ. ನಾಳೆ ಅಂವ ಮಾಲು ಮಾರಾಕ ತಾಸಗಾಂವಕ್ಕ ಹೋದ ಮ್ಯಾಲೆ ಆಕಿ ಮಗಳನ್ನ ಕರ್ಕೊಂಡು ಚಿಂಚಲಿಗೆ, ಅಕ್ಕನ ಮನಿಗೆ ಹೋಗಾಕಿ ಇದ್ದಳು…"

ತ್ರಿಶಲಾ ಓಡಿದಳು. ಬಾಗಿಲಿಗೆ ಚಿಲಕ. ಬಡಿದಳು. ಒಳಗೆ ಟಿವಿ ಜೋರಾಗಿತ್ತು. ಅದರಡಿಯಲ್ಲಿ ನರಳಾಟ. ಮತ್ತೆ ಬಡಿದಳು. ಪೊಲೀಸರಿಗೆ ಫೋನ್ ಹಚ್ಚಿದಳು. ನರಳಾಟ ನಿಂತಿತು. ಹಿತ್ತಲಲ್ಲಿ ಬೈಕು ಗುರುಗುಟ್ಟಿತು. ಮಗುವಿನ ಅಳು. ಅದೂ ದೂರವಾಯಿತು.

ಹಿಂಬಾಗಿಲಿನಿಂದ ತ್ರಿಶಲಾ, ರುಕ್ಮವ್ವ ಇಬ್ಬರೂ ಒಳಹೊಕ್ಕಾಗ ದಾನೇಶ್ವರಿ ಒಲೆಯ ಪಕ್ಕ ಬಿದ್ದಿದ್ದಳು. ಜೀವವಿತ್ತು. ತ್ರಿಶಲಾ ಅವಳ ಕೈಯನ್ನು ತನ್ನ ಕೈಯಲ್ಲಿ ಹಿಡಿದುಕೊಂಡಳು.

"ಸೌಂದರ್ಯಾನ್ನ ಒಯ್ದಾನ್ರಿ… ಗಡಗಿ ಯಾರ್ ತಗದ್ರು?"

ಸುಳ್ಳು ಹೇಳಬಹುದಿತ್ತು. ಆ ಮಾಟ ನಿಜವೇ ಆಗಿದ್ದು ತನಗೇ ತಟ್ಟಬಾರದಿತ್ತೇ ಎಂದು ತ್ರಿಶಲಾಗೆ ಅನಿಸಿತು.

"ನಾನು."

ದಾನೇಶ್ವರಿ ಮೆಲ್ಲಗೆ ಕೈ ಬಿಡಿಸಿಕೊಂಡು ರುಕ್ಮವ್ವನ ಸೆರಗು ಹಿಡಿದಳು.