ಕಲ್ಲುಸೇತುವೆ ಮನೆತನದ ಅಳಿಯ

ಮಾಯವ್ವ ಏನಾದರೂ ಕೇಳಿದಾಗ ಮಡಿವಾಳೆಪ್ಪ ಅವಳ ಮುಖ ನೋಡಲೇಬೇಕಾಗುತ್ತಿತ್ತು. ಅದು ಅವನ ಕೆಲಸ. ಅಡುಗೆಮನೆಯ ಬಾಗಿಲ ಹಿಂದೆ ನಿಂತ ಗುರವ್ವನಿಗೆ ಅದು ಗೊತ್ತಿತ್ತು. ಗೊತ್ತಿದ್ದರೂ ಹೊಟ್ಟೆ ಉರಿಯುವುದು ಬಿಡಲಿಲ್ಲ.

ಪಡಸಾಲೆಯ ಕಂಬಳಿಯ ಮೇಲೆ ಕುಳಿತಿದ್ದವರು ಜಪಾನಿನ ಇಶಿಬಾಶಿ ಸಾಹೇಬರು. ಒಸಾಕಾ ಊರಿನ ನೂಲಿನ ಗಿರಣಿಗಳಿಗೆ ಹತ್ತಿ ಕೊಳ್ಳಲು ಮುಂಬೈಗೆ ಬಂದು, ಅಲ್ಲಿಂದ ಬೈಲಹೊಂಗಲದ ಪೇಟೆಯ ತನಕ ಇಳಿದಿದ್ದರು. ಅವರಿಗೆ ಬರುತ್ತಿದ್ದದ್ದು ಮುರುಕು ಹಿಂದೂಸ್ತಾನಿ. ಅದನ್ನು ಕನ್ನಡ ಮಾಡಿ ಹೇಳುವವನು ಮಡಿವಾಳೆಪ್ಪ. ಗುರವ್ವನ ಅಪ್ಪನಾದ ಹತ್ತಿ ದಲಾಲ ವೀರಪ್ಪನ ಅಂಗಡಿಯಲ್ಲಿ ಅವನು ಗುಮಾಸ್ತ. ಮುಂಬೈ ಬಜಾರಿನಲ್ಲಿ ದುಡಿದು ಬಂದವನು. ಸಾಹೇಬರ ಮಾತು ಮೊದಲು ಅವನ ಕಿವಿಗೆ ಹೋಗುತ್ತಿತ್ತು, ಕಿವಿಯಿಂದ ತುಟಿಗೆ, ತುಟಿಯಿಂದ ಸೀದಾ ಮಾಯವ್ವನಿಗೆ.

ಮಾಯವ್ವ ರಾಮದುರ್ಗದ ಶಂಕರೆಪ್ಪನ ಒಬ್ಬಳೇ ಮಗಳು. ಶಂಕರೆಪ್ಪನಿಗೆ ಅಲ್ಲಿ ಹತ್ತಿಯ ಬೀಜ ಬಿಡಿಸುವ ಸ್ವಂತದ ಜಿನ್ನು ಕಾರ್ಖಾನೆ. ಸಾಹೇಬರಿಗೆ ತನ್ನ ಮಾಲು ತೋರಿಸಲು ಬಂದವನು ಮಗಳನ್ನೂ ಕರೆದುಕೊಂಡು ಹಳೆಯ ಗೆಳೆಯ ವೀರಪ್ಪನ ಮನೆಯಲ್ಲೇ ಇಳಿದಿದ್ದ. ಅವಳು ಧಾರವಾಡದಲ್ಲಿ ಓದಿದವಳು. ಗಂಡಸರ ಮಾತಿನ ನಡುವೆ ಕಂಬಕ್ಕೆ ಒರಗಿ ಕುಳಿತು ನಗುವವಳು. ಗುರವ್ವನೋ ಮೂರನೆಯ ಇಯತ್ತೆಗೇ ಸಾಲಿ ಬಿಟ್ಟವಳು. ಎದುರಿಗೆ ಯಾರಾದರೂ ಬಂದರೆ ಅವಳ ಸೆರಗು ಮುಂದೆ ಬರುತ್ತಿತ್ತು, ಮಾತು ಹಿಂದೆ ಹೋಗುತ್ತಿತ್ತು. ಗೊತ್ತುಮಾಡಿದ್ದ ವರ ಪ್ಲೇಗಿನಲ್ಲಿ ತೀರಿಹೋದ ಮೇಲಂತೂ ಅವಳು ಕಣ್ಣಿನಿಂದಲೇ ಬದುಕುವುದನ್ನು ಕಲಿತಿದ್ದಳು.

ಆ ಕಣ್ಣಿಗೆ ಎಲ್ಲವೂ ಗೊತ್ತಿತ್ತು. ಹತ್ತಿಯ ಎಳೆ ಹಿರಿದು ನೋಡುವಾಗ ಮಡಿವಾಳೆಪ್ಪ ಎಡಗಣ್ಣು ಸಣ್ಣ ಮಾಡುತ್ತಾನೆ. ಊಟಕ್ಕೆ ಕುಳಿತರೆ ಶೇಂಗಾ ಹಿಂಡಿಯನ್ನು ಕೊನೆಯ ತುತ್ತಿಗೆ ಉಳಿಸಿಕೊಳ್ಳುತ್ತಾನೆ. ಅವಳು ರೊಟ್ಟಿ ಹಾಕಲು ಬಾಗಿದಾಗ ಸಾಕು ಅನ್ನುವುದಿಲ್ಲ. ಸುಮ್ಮನೆ ತಾಟಿಗೆ ಅಂಗೈ ಅಡ್ಡ ಹಿಡಿಯುತ್ತಾನೆ. ಆ ಅಂಗೈ ಹಿಂದೆ ಸರಿಯಲು ಬೇಕಾದದ್ದಕ್ಕಿಂತ ಚೂರು ಹೆಚ್ಚು ಹೊತ್ತು ತೆಗೆದುಕೊಳ್ಳುತ್ತದೆ. ಆ ಚೂರು ಹೊತ್ತಿನಲ್ಲಿ ಗುರವ್ವನ ಇಡೀ ದಿನ ಕಳೆದುಹೋಗುತ್ತಿತ್ತು.

"ಸಾಹೇಬರ ಹೆಸರಿಗೆ ಅರ್ಥ ಏನಂತ ಕೇಳ್ರಿ," ಎಂದಳು ಮಾಯವ್ವ.

ಮಡಿವಾಳೆಪ್ಪ ಕೇಳಿದ. ಸಾಹೇಬರ ಉತ್ತರ ಕೇಳಿಸಿಕೊಂಡು ಮಾಯವ್ವನ ಕಡೆ ತಿರುಗಿದ. "ಇಶಿ ಅಂದ್ರ ಕಲ್ಲು, ಹಾಶಿ ಅಂದ್ರ ಸೇತುವಿ, ಕೂಡಿಸಿದ್ರ ಬಾಶಿ ಆಗತೈತಂತ. ಕಲ್ಲುಸೇತುವಿ. ಅದು ಇವರ ಅಡ್ಡಹೆಸರಂತ. ಅಡ್ಡಹೆಸರ ಮೊದಲ ಹೇಳತಾರ ಅವರು, ಸ್ವಂತ ಹೆಸರು ಆಮ್ಯಾಲೆ."

"ಅಯ್ಯ! ಯಾರರ ಸೇತುವಿ ಅಂತ ಹೆಸರಿಟ್ಟುಕೊಳ್ಳತಾರೇನು?"

ಸಾಹೇಬರು ಚಹಾದ ಬಟ್ಟಲು ಕೆಳಗಿಟ್ಟು ಉದ್ದಕ್ಕೆ ಹೇಳಿದರು. ಮಡಿವಾಳೆಪ್ಪ ತಡೆದು ತಡೆದು ಕನ್ನಡ ಮಾಡಿದ. "ಮೊದಲ ಅವರಲ್ಲಿ ಕತ್ತಿ ಹಿಡಿಯೋ ಮಂದಿಗಷ್ಟ ಅಡ್ಡಹೆಸರು ಹೇಳಿಕೊಳ್ಳೋ ಹಕ್ಕು ಇತ್ತಂತ. ಒಕ್ಕಲಿಗರು, ಯಾಪಾರಸ್ಥರು ಬರೇ ಹೆಸರಿನ ಮ್ಯಾಲೆ ಇರಬೇಕು. ಸಾಹೇಬರು ಸಣ್ಣವರಿದ್ದಾಗ ಸರ್ಕಾರದ ಹುಕುಂ ಬಂತು, ಎಲ್ಲಾರಿಗೂ ಒಂದೊಂದು ಅಡ್ಡಹೆಸರು ಬೇಕ ಬೇಕು ಅಂತ. ಮಂದಿ ಎಲ್ಲಿಂದ ತರಬೇಕು? ಕೆಲವರು ಮುತ್ಯಾರ ಕಾಲದ್ದು ನೆನಪು ಮಾಡಿಕೊಂಡ್ರು, ಕೆಲವರು ಗುಡಿ ಸ್ವಾಮಿಗೋಳನ್ನ ಕೇಳಿದ್ರು. ಉಳದವರು ಬಾಗಲದಾಗ ನಿಂತು ನೋಡಿದ್ರು. ಗುಡ್ಡದ ಬುಡಕ ಮನಿ ಇದ್ದವ ಯಾಮಾಮೊತೊ. ಗದ್ದಿ ನಡುವ ಇದ್ದವ ತಾನಾಕಾ. ಈ ಮನಿತನದ ಮುತ್ಯಾನ ಬಾಗಲದ ಎದುರಿಗೆ ಒಂದು ಕಲ್ಲಿನ ಸೇತುವಿ ಇತ್ತಂತ."

"ನಮ್ಮದೂ ಹಂಗ ನೋಡೋ!" ವೀರಪ್ಪನಿಗೆ ಹುರುಪು ಬಂತು. "ನಮ್ಮ ಮುತ್ಯಾ ಬಾವಿ ಕಟ್ಟಿ ಮ್ಯಾಲೆ ಅಂಗಡಿ ಹಾಕಿದ್ದ. ಅಂದಿನಿಂದ ನಾವು ಬಾವಿಕಟ್ಟಿ. ಹೇಳು ಸಾಹೇಬರಿಗೆ."

ಸಾಹೇಬರು ಚಪ್ಪಾಳೆ ತಟ್ಟಿದರು. ಅವರಲ್ಲೂ ಬಾವಿಯ ಮೇಲಿನವರು ಇದ್ದಾರಂತೆ, ಇನೋಯೆ ಅಂತ.

"ನಮ್ಮದು ಮೆಣಸಿನಕಾಯಿ," ಎಂದ ಶಂಕರೆಪ್ಪ. "ಅಂಥಾದ್ದು ಅದ ಏನ ಕೇಳು."

"ಅವರಿಗೆ ಗೊತ್ತಿಲ್ಲಂತ್ರಿ. ಆದರ ನಿನ್ನೆ ಈ ಮನಿ ಮೆಣಸಿನಕಾಯಿ ಚಟ್ನಿ ತಿಂದ ಮ್ಯಾಲೆ ಆ ಹೆಸರಿಗೆ ಭಾಳ ಮರ್ಯಾದಿ ಕೊಡತಾರಂತ."

ಎಲ್ಲರೂ ನಕ್ಕರು. ಮಾಯವ್ವ ನಗುವನ್ನು ಅರ್ಧಕ್ಕೆ ನಿಲ್ಲಿಸಿ, ಕತ್ತು ಸ್ವಲ್ಪ ವಾಲಿಸಿ, "ನಿಮ್ಮದು ರೀ?" ಎಂದು ಮಡಿವಾಳೆಪ್ಪನನ್ನೇ ಕೇಳಿದಳು.

"ಹೂಲಿ."

"ಹೂಲಿಯೊಳಗ ಮನಿ, ಹೊಲ ಎಷ್ಟದ?"

"ಏನೂ ಇಲ್ಲ. ಅಪ್ಪ ಅವ್ವ ನಾ ಸಣ್ಣಂವ ಇದ್ದಾಗ ಹೋದ್ರು. ಸಾಲಿಗೆ ಹಾಕುವಾಗ ಮಾಸ್ತರು ಯಾವೂರು ಅಂದ್ರು, ಹೂಲಿ ಅಂದೆ. ಅದನ್ನ ಬರಕೊಂಡ್ರು."

"ಅಂದ್ರ ಅಲ್ಲಿ ಕೆರಿ, ಗುಡಿ ಎಲ್ಲಾ ನಿಮ್ಮದ ಅನ್ರಿ!"

ಮಡಿವಾಳೆಪ್ಪ ನಕ್ಕ. ಬಾಯ್ತುಂಬ ನಕ್ಕ. ಅವನ ಕೆನ್ನೆಯ ಕೆಳಗೆ ಒಂದು ಗುಳಿ ಬಿದ್ದದ್ದನ್ನು ಗುರವ್ವ ಅಂದೇ ಮೊದಲು ನೋಡಿದಳು. ಇಷ್ಟು ದಿನ ಎಲ್ಲಿ ಬಚ್ಚಿಟ್ಟಿದ್ದ ಅದನ್ನು? ಮೊನ್ನೆ ಬಂದವಳಿಗೆ ಮೊದಲು ಸಿಗಬೇಕೇ?

"ರೊಟ್ಟಿ ಸುಟ್ಟ ವಾಸನಿ ಬರಾಕತ್ತೈತಿ," ಎಂದಳು ಒಲೆಯ ಆಚೆ ಕುಳಿತ ಅವ್ವ ಯಲ್ಲವ್ವ. "ಯಾರ ಮ್ಯಾಲಿನ ಸಿಟ್ಟು ಅದರ ಮ್ಯಾಲೆ ತಗೀತಿ?"

"ಯಾರ ಮ್ಯಾಲೂ ಇಲ್ಲ ಬೇ."

ಹೊರಗೆ ಸಾಹೇಬರು ಮತ್ತೇನೋ ಹೇಳುತ್ತಿದ್ದರು. ಮಡಿವಾಳೆಪ್ಪನ ದನಿ ಬದಲಾಗಿತ್ತು, ಮೆಲ್ಲಗಾಗಿತ್ತು. "ಸಾಹೇಬರು ಹುಟ್ಟಿದ್ದು ತಾನಾಕಾ ಮನ್ಯಾಗಂತ. ರೈತರ ಎರಡನೇ ಮಗ. ಒಸಾಕಾದಾಗ ಒಂದು ನೂಲಿನ ಅಂಗಡಿಯೊಳಗ ಗುಮಾಸ್ತಿಕಿ ಮಾಡತಿದ್ರು. ಮಾಲಕರು ಮಗಳನ್ನ ಕೊಟ್ಟು, ತಮ್ಮ ಅಡ್ಡಹೆಸರೂ ಕೊಟ್ರಂತ. ಅವರಲ್ಲಿ ಮನಿಅಳಿಯ ಆದವ ಹೆಂಡತಿ ಮನಿತನದ ಹೆಸರ ಹೇಳಬೇಕು. ಯಾರೂ ನಗೂದಿಲ್ಲಂತ."

ನಮ್ಮ ಕಡೆ ಮನೆಅಳಿಯನೆಂದರೆ ಕಟ್ಟೆಯ ಮೇಲೆ ಕುಳಿತವರಿಗೆಲ್ಲ ಒಂದು ಮೋಜು. ಮಡಿವಾಳೆಪ್ಪ ಯಾರೂ ಹೇಳದೆಯೇ ಸಾಹೇಬರನ್ನು ತಾನೇ ಒಂದು ಮಾತು ಕೇಳಿದ.

"ಏನ ಕೇಳಿದಿ?" ಎಂದ ಶಂಕರೆಪ್ಪ.

"ಗಂಡುಮಕ್ಕಳಿದ್ದ ಮನ್ಯಾಗೂ ಹಿಂಗ ಮಾಡತಾರೇನು ಅಂತ ಕೇಳಿದೆ. ಮಾಡತಾರಂತ. ಇವರ ಮಾವಗ ಗಂಡುಮಕ್ಕಳಿದ್ದರೂ ಇವರನ್ನ ಮಾಡಿಕೊಂಡ್ರಂತ. ಮಗ ಹೆಂಗ ಹುಟ್ಟತಾನೋ ಹೇಳಾಕ ಬರೂದಿಲ್ಲ, ಅಳಿಯನ್ನ ನೋಡಿ ಆರಿಸಬಹುದು ಅಂದ್ರಂತ."

ಶಂಕರೆಪ್ಪ ತೊಡೆ ತಟ್ಟಿದ. "ಶಾಣ್ಯಾ ಮಂದಿ! ನನಗಂತೂ ಗಂಡುಮಗ ಇಲ್ಲ, ಇಕಿ ಒಬ್ಬಾಕಿ. ಮಡಿವಾಳೆಪ್ಪ, ಸುತ್ತಿ ಬಳಸಿ ಮಾತಾಡಾವ ಅಲ್ಲ ನಾನು. ನಾಳೆ ಮುಂಜಾನೆ ನಮ್ಮ ಬಂಡಿ ಹೊಂಡತೈತಿ. ನೀನೂ ಹತ್ತು. ಜಿನ್ನು ನೋಡು, ಮನಿ ನೋಡು. ಮನಸಿಗೆ ಬಂದ್ರ ಮುಂದಿನ ಮಾತು. ಏನಂತಿ ವೀರಪ್ಪಣ್ಣ?"

ವೀರಪ್ಪ ಎಲೆಗೆ ಸುಣ್ಣ ಹಚ್ಚುತ್ತ ತಲೆ ಎತ್ತಲಿಲ್ಲ. "ಹುಡುಗನ ದೈವ. ನಾ ಯಾಕ ಅಡ್ಡ ಬರಲಿ?"

"ನಾಳೆ ಹೇಳತೇನ್ರಿ," ಎಂದ ಮಡಿವಾಳೆಪ್ಪ. ಹೇಳುತ್ತ ಅಡುಗೆಮನೆಯ ಬಾಗಿಲ ಕಡೆ ನೋಡಿದ. ಗುರವ್ವ ಸರಕ್ಕನೆ ಗೋಡೆಗೆ ಸರಿದಳು.

ಮೆಣಸಿನಕಾಯಿ ಮಡಿವಾಳೆಪ್ಪ. ಮನಸ್ಸಿನಲ್ಲೇ ಅಂದು ನೋಡಿದಳು. ನಾಲಿಗೆಯಲ್ಲ, ಕಣ್ಣು ಉರಿಯಿತು.

ಸಂಜೆ ಹಿತ್ತಲಲ್ಲಿ ಮಾಯವ್ವ ಹೆರಳು ಹಾಕಿಕೊಳ್ಳುತ್ತ ಕೇಳಿದಳು, "ಗುರವ್ವ, ಹೂಲಿಯವರಿಗೆ ತಿನ್ನಾಕ ಏನ ಸೇರತೈತಿ?"

"ಹಾಗಲಕಾಯಿ," ಎಂದಳು ಗುರವ್ವ. ಅಷ್ಟು ಸಲೀಸಾಗಿ ಸುಳ್ಳು ಬಾಯಿಗೆ ಬಂದದ್ದು ಅವಳಿಗೇ ಆಶ್ಚರ್ಯ.

"ಹೌದಾ? ನಿನ್ನೆ ತಾಟಿನ್ಯಾಗ ಹಂಗ ಬಿಟ್ಟಿದ್ರಲ್ಲ ಅದನ್ನ." ಮಾಯವ್ವ ಕಣ್ಣಂಚಿನಲ್ಲಿ ನೋಡಿದಳು. "ನೀ ಭಾಳ ಹೊತ್ತು ನೋಡತಿ ಅವರನ್ನ. ಆದ್ರೂ ನೆನಪಿಲ್ಲ?"

ಗುರವ್ವ ಕೊಡ ಎತ್ತಿಕೊಂಡು ಒಳಗೆ ಹೋದಳು. ಅಂಗಡಿಯಿಂದ ಬಂದ ಮಡಿವಾಳೆಪ್ಪ ಹಿಂಬಾಗಿಲಲ್ಲಿ ನಿಂತಿದ್ದ. ತಲೆಯ ಮೇಲೆ, ಹುಬ್ಬಿನ ಮೇಲೆ ಹತ್ತಿಯ ನವಿರು. ನೀರು ಕೇಳಿದ. ಯಾವತ್ತೂ ತಂಬಿಗೆ ಇಟ್ಟು ಓಡುವವಳು ಅಂದು ನಿಂತಳು.

"ತಗೋರಿ, ಮೆಣಸಿನಕಾಯಿಯವರ."

"ಯಾರು?"

"ನಾಳಿಂದ ಅದ ಅಲ್ಲೇನ್ರಿ ನಿಮ್ಮ ಹೆಸರು? ಛಲೋ ಒಪ್ಪತೈತಿ. ಜಿನ್ನೂ ಬರತೈತಿ, ನಗೋ ಹೆಂಡ್ತೀನೂ ಬರತಾಳ."

ಅವನ ಕೈ ತಂಬಿಗೆಯ ಮೇಲೇ ಉಳಿಯಿತು. ಅವಳು ಅವನೊಡನೆ ಇಷ್ಟುದ್ದ ಮಾತಾಡಿದ್ದು ಇದೇ ಮೊದಲು. ಆಡಿದ್ದು ಇಂಥ ಮಾತು.

"ನಾ ಸಾಹೇಬರನ್ನ ಏನ ಕೇಳಿದೆ ಅಂತ ನಿಮಗ ಕೇಳಿಸಿತ್ತೇನ್ರಿ?"

"ಎಲ್ಲಾ ಕೇಳಿಸಿತು."

"ಕೇಳಿಸಿದ್ರ ಹಿಂಗ ಅಂತಿರಲಿಲ್ಲ."

ನೀರು ಕುಡಿಯದೆ ತಂಬಿಗೆ ಕೆಳಗಿಟ್ಟು ಹೊರಟುಹೋದ. ಅವನ ಬೆನ್ನು ಅಷ್ಟು ದಣಿದದ್ದನ್ನು ಅವಳು ಎಂದೂ ನೋಡಿರಲಿಲ್ಲ.

ಬೆಳಗಾಯಿತು. ಎತ್ತುಗಳ ಕೊರಳ ಗಂಟೆ ಅಂಗಳದಲ್ಲಿ ಕೇಳಿಸುತ್ತಿತ್ತು. ಗುರವ್ವ ಪರಾತದಲ್ಲಿ ಹಿಟ್ಟು ನಾದುತ್ತಿದ್ದಳು. ಬಂಡಿ ಹೊರಟರೆ ಹೊರಡಲಿ. ಬಾಗಿಲಿಗೆ ಹೋಗುವುದಿಲ್ಲ, ನೋಡುವುದಿಲ್ಲ.

"ಇನ್ನೊಂದು ಬೊಗಸಿ ಹಿಟ್ಟು ಹಾಕ," ಎಂದಳು ಯಲ್ಲವ್ವ. "ನಿಮ್ಮ ಅಣ್ಣಗೋಳು ಇಬ್ಬರೂ ಕಿತ್ತೂರಿಂದ ಇವತ್ತ ಬರತಾರ. ಗಂಡುಮಕ್ಕಳಿದ್ದ ಮನಿ, ಹಿಟ್ಟು ಎಲ್ಲಿ ಸಾಲತೈತಿ?"

ಗುರವ್ವನ ಕೈ ನಿಂತಿತು.

ಗಂಡುಮಕ್ಕಳಿದ್ದ ಮನೆ. ಮಾಯವ್ವನಿಗೆ ಅಣ್ಣನೂ ಇಲ್ಲ, ತಮ್ಮನೂ ಇಲ್ಲ. ರಾಮದುರ್ಗಕ್ಕೆ ಅಳಿಯನಾಗಿ ಹೋಗುವವನಿಗೆ ಆ ಪ್ರಶ್ನೆ ಯಾತಕ್ಕೆ ಬೇಕು? ಗಂಡುಮಕ್ಕಳಿದ್ದ ಮನೆಯ ಮೇಲೆ ಮನಸ್ಸಿಟ್ಟವನಿಗೆ ಮಾತ್ರ ಅದು ಬೇಕು. ಇಷ್ಟು ಜನರ ನಡುವೆ, ಅವಳ ಅಪ್ಪನ ಎದುರಿಗೇ, ಅವನು ಅದನ್ನು ಬಾಯಿಬಿಟ್ಟು ಕೇಳಿದ್ದ. ಹೊಟ್ಟೆಕಿಚ್ಚಿನ ಹೊಗೆಯಲ್ಲಿ ಅವಳಿಗೇ ಕಾಣಲಿಲ್ಲ.

ಎದ್ದಳು. ಸೆರಗು ಎಳೆದುಕೊಳ್ಳುವುದೂ ಮರೆತು ಹಿಟ್ಟಿನ ಕೈಯಲ್ಲೇ ಪಡಸಾಲೆ ದಾಟಿದಳು. ಅಪ್ಪ ಕುಳಿತಿದ್ದ, ಸಾಹೇಬರು ಕುಳಿತಿದ್ದರು, ದಾಟಿದಳು. ಮಡಿವಾಳೆಪ್ಪ ಬಂಡಿಯ ಪಕ್ಕ, ಶಂಕರೆಪ್ಪನ ಗಂಟು ಏರಿಸಿ ಹಗ್ಗ ಬಿಗಿಯುತ್ತಿದ್ದ.

"ಮಾಯವ್ವಗ ಅಣ್ಣತಮ್ಮ ಇಲ್ಲ," ಎಂದಳು. ಉಸಿರು ಏರಿತ್ತು.

"ಇಲ್ಲ."

"ಮತ್ತ ಗಂಡುಮಕ್ಕಳಿದ್ದ ಮನಿ ಅಂತ ಯಾಕ ಕೇಳಿದ್ರಿ?"

ಅವನು ಹಗ್ಗ ಬಿಟ್ಟ. "ಕೇಳಾಕ ಬ್ಯಾರೆ ದಾರಿ ಗೊತ್ತಾಗಲಿಲ್ಲ. ನನಗ ಮನಿ ಇಲ್ಲ, ಹೊಲ ಇಲ್ಲ. ಇದ್ದ ಹೆಸರೂ ಮಾಸ್ತರು ಕೊಟ್ಟದ್ದು. ಬಾವಿಕಟ್ಟಿ ಅಂತ ಅನಿಸಿಕೊಳ್ಳಾಕ ನಾ ತಯಾರ ಅದೇನಿ. ಊರು ನಗಲಿ."

"ಬ್ಯಾಡ."

ಅವನ ಮುಖ ಇಳಿಯಿತು.

"ಆ ಹೆಸರು ನನ್ನ ಕಡೆ ಮೊದಲ ಅದ, ನೀವು ತಗೊಂಡು ಏನ ಮಾಡತೀರಿ? ನನಗ ನಿಮ್ಮದು ಬೇಕು. ರಾತ್ರಿ ಪೂರಾ ಮಾಯವ್ವನ ಹೆಸರು ನಿಮಗ ಹಚ್ಚಿ ನೋಡಿ ಸುಟ್ಟುಕೊಂಡೇನಿ. ಮಾಸ್ತರು ಕೊಟ್ಟರ ಏನಾತು? ಆ ಸೇತುವಿ ಏನ ಸಾಹೇಬರ ಮಾವನ ಸ್ವಂತದ್ದಿತ್ತ?"

ಹೇಳಿ ಮುಗಿಸಿದ ಮೇಲೆ ಅವಳಿಗೆ ಬೀದಿ ಕಾಣಿಸಿತು. ಬಾಗಿಲಲ್ಲಿ ಅಪ್ಪ ನಿಂತಿದ್ದ, ಅವನ ಹಿಂದೆ ಶಂಕರೆಪ್ಪ. ಬಂಡಿಯ ಒಳಗಿಂದ ಮಾಯವ್ವನ ಮುಖ.

ವೀರಪ್ಪ ಬಾಯಲ್ಲಿದ್ದ ಎಲೆ ಉಗುಳಿ ಬಂದ. "ನಿನ್ನೆ ನಾ ಯಾಕ ಸುಮ್ಮನಿದ್ದೆ ಗೊತ್ತೇನೋ ಮಡಿವಾಳೆಪ್ಪ? ರಾಮದುರ್ಗದ ಭಾಗ್ಯ ಬಿಡಿಸಿ ನಮ್ಮ ಮನ್ಯಾಗ ಇಟ್ಟುಕೊಳ್ಳೋದು ಪಾಪ ಅನಿಸ್ತು. ನನಗ ಇಬ್ಬರು ಗಂಡುಮಕ್ಕಳು ಸಾಕು, ಮೂರನೆಯವ ಬ್ಯಾಡ." ಮಗಳ ಮುಖ ನೋಡಿ ದನಿ ತಗ್ಗಿಸಿದ. "ಅಳಿಯ ಬೇಕಾಗ್ಯಾನ. ನಿನ್ನ ಹೆಸರು ನಿನಗ ಇರಲಿ."

ಶಂಕರೆಪ್ಪ ಒಂದು ಗಳಿಗೆ ಗಡ್ಡ ಕೆರೆದುಕೊಂಡ. "ನನ್ನ ಮಾಲನ್ನ ನನ್ನೆದುರಿಗೆ ಖರೀದಿ ಮಾಡಿದಿ ನೋಡು ದಲಾಲ," ಎಂದು ಗೊಣಗಿ ಬಂಡಿ ಹತ್ತಿದ.

"ಅಪ್ಪಾ, ಯಾರ ಮಾಲು? ಅವರು ನನ್ನ ಒಂದ ಸಲಾನೂ ಸರಿಯಾಗಿ ನೋಡಿಲ್ಲ," ಎಂದಳು ಮಾಯವ್ವ. ಗುರವ್ವನ ಕಡೆ ಬಾಗಿದಳು. "ಮಾತು ನನಗ ಹೇಳತಿದ್ರು, ಕಣ್ಣು ಅಡಗಿಮನಿ ಬಾಗಲದಾಗ ಇತ್ತು. ನೀ ನನ್ನ ಕಾಯೋದು ಬಿಟ್ಟು ಅವರನ್ನ ನೋಡಿದ್ರ ತಿಳೀತಿತ್ತು, ಹುಚ್ಚಿ."

ಬಂಡಿ ಪೇಟೆಯ ತಿರುವು ದಾಟಿತು. ದಾಟುವ ತನಕ ಗುರವ್ವ ಮಡಿವಾಳೆಪ್ಪನ ಕಣ್ಣನ್ನೇ ಕಾದಳು. ಅವು ಒಂದು ಸಲವೂ ಆ ಕಡೆ ಹೋಗಲಿಲ್ಲ.

ಸಾಹೇಬರನ್ನು ಕರೆದುಕೊಂಡು ವೀರಪ್ಪ ಒಳಗೆ ಹೋದ. ಮಡಿವಾಳೆಪ್ಪ ಬೀದಿಯಲ್ಲೇ ಉಳಿದ. ಬಲಕ್ಕೆ ಅಂಗಡಿಯ ಬಾಗಿಲು, ಎಡಕ್ಕೆ ಮನೆಯ ಬಾಗಿಲು. ಯಾವಾಗಲೂ ಅಂಗಡಿಯ ಕಡೆಯಿಂದ ಒಳಗೆ ಬರುತ್ತಿದ್ದವನು ಕಾಲು ಎತ್ತಿ, ಮತ್ತೆ ಇಟ್ಟು, ಪರ ಊರಿನವನ ಹಾಗೆ ನಿಂತ.

"ಇತ್ತಾಗ ಬರ್ರಿ," ಎಂದಳು ಗುರವ್ವ ಮನೆಯ ಹೊಸ್ತಿಲಲ್ಲಿ ನಿಂತು. ಎದುರು ಸಾಲಿನ ಅಂಗಡಿಗಳವರೆಲ್ಲ ತಿರುಗಿ ನೋಡುವಷ್ಟು ಗಟ್ಟಿಯಾಗಿ.

"ಬಂದೆ, ನೀ ನಡಿ," ಎಂದ ಅವನು. ಮೊದಲ ಸಲ 'ನೀ' ಎಂದದ್ದು ಅವಳಿಗೆ ಕೇಳಿಸಿತು.