ನಾಲ್ಕು ಮೂಲೆಯ ಹಾಡು

"ಮೇಡಂ, ರಿಪೇರಿ ಮಾಡೋರನ್ನ ಸ್ವಲ್ಪ ಕರೀತೀರಾ?"

ಅಲಮೇಲು ತಲೆ ಎತ್ತಲಿಲ್ಲ. "ಅವ್ರು ಕೆಲಸದಲ್ಲಿದಾರೆ."

"ಎಷ್ಟೊತ್ತಾಗುತ್ತೆ?"

"ಈ ಒಂದು ವೈರ್ ಕೂರಿಸೋವರೆಗೆ."

ಅವನು ಶೆಡ್ಡಿನ ಸುತ್ತ ಕಣ್ಣಾಡಿಸಿದ. ಕೊನೆಗೆ ಅವಳ ಕೈಲಿದ್ದ ಸಾಲ್ಡರಿಂಗ್ ಕಡ್ಡಿಯನ್ನು ನೋಡಿದ. ವಿಷಯ ಹೊಳೆದ ಕೂಡಲೇ ಕುತ್ತಿಗೆವರೆಗೂ ಕೆಂಪಾದ. ಉದ್ದ ಕೂದಲು, ಬೆಲ್‌ಬಾಟಂ ಪ್ಯಾಂಟು, ಹಣೆಯಲ್ಲಿ ಮಾತ್ರ ಮನೆಯವರು ಇಟ್ಟು ಕಳಿಸಿದ್ದ ಶ್ರೀಚೂರ್ಣದ ಗೆರೆ. ಅಲಮೇಲುಗೆ ನಗು ತಡೆಯಲಾಗಲಿಲ್ಲ.

ಅದು ಎಪ್ಪತ್ತೈದನೇ ಇಸವಿ. ರಾಜಾಜಿನಗರದ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ಆಂಪ್ಲಿಫೈಯರ್ ಮಾಡುವ ಆ ಪುಟ್ಟ ಶೆಡ್ಡಿಗೆ ಅಲಮೇಲು ಡಿಪ್ಲೊಮಾ ಮುಗಿಸಿ ಸೇರಿ ಮೂರು ವರ್ಷವಾಗಿತ್ತು. ಬಂದವನ ಹೆಸರು ಕಿಟ್ಟಿ. ರಾಕ್ ಬ್ಯಾಂಡೊಂದರಲ್ಲಿ ಆರ್ಗನ್ ನುಡಿಸುತ್ತಿದ್ದ.

"ನಮ್ಮದು ಪ್ರೋಗ್ರೆಸಿವ್ ರಾಕ್," ಎಂದ ಹೆಮ್ಮೆಯಿಂದ. "ಒಂದೊಂದು ಹಾಡು ಇಪ್ಪತ್ತೆರಡು ನಿಮಿಷ."

"ಮಧ್ಯೆ ಕಾಫಿಗೆ ಬಿಡ್ತೀರಾ?"

ಅವನು ಬಾಯಿ ತೆರೆದ, ಮುಚ್ಚಿದ, ಆಮೇಲೆ ಜೋರಾಗಿ ನಕ್ಕ. ಮಾರನೇ ವಾರ ಚೆನ್ನಾಗಿಯೇ ಇದ್ದ ಇನ್ನೊಂದು ಆಂಪ್ಲಿಫೈಯರನ್ನು ರಿಪೇರಿಗೆ ಹೊತ್ತು ತಂದ. ಅಲಮೇಲು ಅದನ್ನು ಬಿಚ್ಚಿ ನೋಡಿ, ಹಾಗೇ ಮುಚ್ಚಿ, "ಇದಕ್ಕೇನೂ ಆಗಿಲ್ಲ. ನಿಮಗೇ ಏನೋ ಆಗಿದೆ," ಎಂದಳು. ಅಂದಮೇಲೆ ತಾನೇ ನಾಚಿ ಸ್ಕ್ರೂಗಳನ್ನು ಎಣಿಸತೊಡಗಿದಳು.

ಬ್ಯಾಂಡಿನಲ್ಲಿದ್ದವರು ಮೂವರು. ಹಾಡುತ್ತ ಗಿಟಾರ್ ನುಡಿಸುವ ಜಗನ್ನಾಥ, ಡ್ರಮ್ಸಿನ ಸೇತುರಾಮ, ಆರ್ಗನ್ನಿನ ಕಿಟ್ಟಿ. ವಿಜಯನಗರದ ಅಂಚಿನಲ್ಲಿ ಜಗನ್ನಾಥನ ಮನೆಯವರ ಹಳೇ ದನದ ಕೊಟ್ಟಿಗೆಯಿತ್ತು. ಹೊಲವೆಲ್ಲ ಸೈಟುಗಳಾಗಿ ದನಗಳೂ ಹೋದಮೇಲೆ ಅದೇ ಇವರ ಪ್ರಾಕ್ಟೀಸ್ ರೂಮಾಗಿತ್ತು. ಜಗನ್ನಾಥ, ಕಿಟ್ಟಿ ಒಂದೇ ಬೆಂಚಿನಲ್ಲಿ ಕೂತು ಬೆಳೆದವರು. ಒಬ್ಬರನ್ನೊಬ್ಬರು ಬಯ್ಯದೆ ಒಂದು ಹಾಡನ್ನೂ ಮುಗಿಸಿದವರಲ್ಲ.

ಮದ್ರಾಸಿನ ಸ್ಟುಡಿಯೋದಲ್ಲಿ ಅವರು ತಮ್ಮ ಉದ್ದದ ಹಾಡನ್ನು ನಾಲ್ಕು ಟ್ರ್ಯಾಕಿನ ಟೇಪಿಗೆ ರೆಕಾರ್ಡ್ ಮಾಡಿಸಿದ್ದರು. ಹಡಗಿನಲ್ಲಿ ಕೆಲಸಕ್ಕಿದ್ದ ಸೇತುರಾಮನ ಭಾವ ಜಪಾನಿನಿಂದ ನಾಲ್ಕು ಚಾನೆಲ್ಲಿನ ಟೇಪ್ ಡೆಕ್ ತಂದುಕೊಟ್ಟಮೇಲೆ ಕಿಟ್ಟಿಗೆ ಹುಚ್ಚು ಹಿಡಿಯಿತು.

"ಕೋಣೆಯ ನಾಲ್ಕು ಮೂಲೇಲೂ ಸ್ಪೀಕರ್ ಇಡೋಣ. ಕೇಳೋರು ಹಾಡಿನ ಮುಂದೆ ಅಲ್ಲ, ಹಾಡಿನ ಒಳಗೇ ಕೂತಿರ್ಬೇಕು. ನೀವು ಮಾಡಿಕೊಡ್ತೀರಾ?"

ಅಲಮೇಲು ಆರು ಭಾನುವಾರ ಆ ಕೊಟ್ಟಿಗೆಯಲ್ಲಿ ಕಳೆದಳು. ಮೂರನೇ ಭಾನುವಾರ ಅವನ 'ನೀವು' ಜಾರಿ 'ನೀನು' ಆಯಿತು. ಅವಳು ಗಮನಿಸದವಳಂತೆ ಇದ್ದಳು. ಮನೆಗೆ ಹೋಗುವಾಗ ಬಸ್ಸಿನಲ್ಲಿ ಅದೊಂದು ಪದವನ್ನೇ ನೆನೆಸಿಕೊಂಡು ಕಿಟಕಿಯ ಕಡೆ ಮುಖ ತಿರುಗಿಸಿ ನಕ್ಕಳು.

ಆರನೇ ಭಾನುವಾರ ಎಲ್ಲವೂ ಸಿದ್ಧವಾಯಿತು. ಮುಂದೆ ಡ್ರಮ್ಸು, ಗಿಟಾರು. ಹಿಂದೆ ಬಲಕ್ಕೆ ಜಗನ್ನಾಥನ ದನಿ. ಹಿಂದೆ ಎಡಕ್ಕೆ ಆರ್ಗನ್. ಬೇರೆಯವರು ಬರುವ ಮೊದಲು ಕಿಟ್ಟಿಯನ್ನು ನಡುವಿನ ಕುರ್ಚಿಯಲ್ಲಿ ಕೂರಿಸಿ ಅವಳು ಟೇಪ್ ಹಾಕಿದಳು. ಅವನ ಮುಖ ಅರಳುವುದನ್ನು ಕಾಯುತ್ತ ನಿಂತಳು.

ಅವನು ಹುಬ್ಬು ಗಂಟಿಕ್ಕಿದ. "ಆರ್ಗನ್ ಯಾಕೆ ಇಷ್ಟು ಸಣ್ಣಗಿದೆ? ಆ ಸ್ಪೀಕರ್ ಕೆಟ್ಟಿದೆ ನೋಡು."

ಸ್ಪೀಕರಿಗೆ ಏನೂ ಆಗಿರಲಿಲ್ಲ. ಅವಳಿಗೆ ಆರ್ಗನ್ ತುಂಬಿದ ಕೆರೆಯ ಹಾಗೆ ಕೇಳುತ್ತಿತ್ತು. ಹಿಂದಿನ ಎರಡು ಸ್ಪೀಕರುಗಳ ವೈರುಗಳನ್ನು ಅದಲುಬದಲು ಮಾಡಿದಳು. ಈಗ ಆರ್ಗನ್ ಚೆನ್ನಾಗಿದೆ, ಜಗ್ಗನ ದನಿ ಸತ್ತಿದೆ ಎಂದ. ಅಲಮೇಲು ವೈರು ಕೆಳಗಿಟ್ಟಳು.

"ಸ್ವಲ್ಪ ಹಿಂದಕ್ಕೆ ತಿರುಗಿ ಕೂತ್ಕೊಳ್ಳಿ," ಎಂದಳು.

ಕುರ್ಚಿ ತಿರುಗಿತು. ಈಗ ಜಗನ್ನಾಥನ ದನಿ ಸರಿಯಾಗಿ ಕೇಳಿತು, ಆರ್ಗನ್ ಮತ್ತೆ ಸತ್ತಿತು. ಈ ಸಲವೂ ಸತ್ತದ್ದು ಅವನ ಎಡಕ್ಕೇ ಇತ್ತು. ಅವನು ನಿಧಾನವಾಗಿ ಎಡಗಿವಿಯ ಮೇಲೆ ಕೈ ಇಟ್ಟುಕೊಂಡ. ಟೇಪು ತನ್ನಷ್ಟಕ್ಕೆ ಓಡುತ್ತಲೇ ಇತ್ತು.

ಕಿವಿಯ ಡಾಕ್ಟರ ಹತ್ತಿರ ಅವಳೂ ಹೋದಳು. ಐದು ವರ್ಷ ಡ್ರಮ್ಸಿನ ತಾಳದ ತಟ್ಟೆಗೆ ಎಡಗಿವಿ ಕೊಟ್ಟು ನಿಂತದ್ದರ ಫಲ ಎಂದರು ಡಾಕ್ಟರು. ಹೋದದ್ದು ಬರುವುದಿಲ್ಲ, ಇನ್ನೂ ಈ ಗಲಾಟೆಯಲ್ಲಿ ನಿಂತರೆ ಬಲದ್ದೂ ಉಳಿಯುವುದಿಲ್ಲ ಎಂದರು.

ಹೊರಗೆ ಬಂದು ಕಿಟ್ಟಿ ಅವಳ ಕೈ ಹಿಡಿದ. ಮೊದಲ ಸಲ ಹಿಡಿದದ್ದು ಅದು. "ಮುಂದಿನ ತಿಂಗಳು ಟೂರ್ ಇದೆ. ಪೂನಾ, ಬಾಂಬೆ, ಹದಿನೆಂಟು ದಿನ. ಅದೊಂದು ಮುಗೀಲಿ. ಆಮೇಲೆ ನಾನೇ ಬಿಡ್ತೀನಿ. ಅಲ್ಲೀವರೆಗೂ ಯಾರಿಗೂ ಹೇಳಲ್ಲ ಅಂತ ಭಾಷೆ ಕೊಡು."

ಆ ಕೈಯ ಬಿಸಿಗೆ ಅವಳು ಏನು ಬೇಕಾದರೂ ಕೊಡುತ್ತಿದ್ದಳು. ಭಾಷೆ ಕೊಟ್ಟಳು.

ಹನ್ನೊಂದು ದಿನ ಉಳಿಸಿಕೊಂಡಳು. ಆ ದಿನಗಳಲ್ಲಿ ಪ್ರಾಕ್ಟೀಸಿನಲ್ಲಿ ಜಗನ್ನಾಥ ಎಡಗಡೆಯಿಂದ ಕೂಗಿ ಹೇಳಿದ್ದು ಕಿಟ್ಟಿಗೆ ಮುಟ್ಟುತ್ತಿರಲಿಲ್ಲ. ಎಲ್ಲೋ ನಿಲ್ಲಿಸಬೇಕಾದ್ದನ್ನು ಇನ್ನೆಲ್ಲೋ ನಿಲ್ಲಿಸುತ್ತಿದ್ದ.

"ಕರೆದ್ರೆ ತಿರುಗಿ ನೋಡೋಕೂ ಪೊಗರೇನೋ ನಿಂಗೆ?" ಜಗನ್ನಾಥ ಗಿಟಾರನ್ನು ಕೆಳಗಿಟ್ಟ. "ಮದ್ರಾಸಲ್ಲಿ ಯಾರೋ ನಾಲ್ಕು ಜನ ಹೊಗಳಿದ್ದೇ ತಲೆಗೇರಿದೆ ಕಣೋ. ನಾವು ಬೇಡವಾದ್ರೆ ಬಾಯಿಬಿಟ್ಟು ಹೇಳು ಗುರು."

"ಹೌದು ಕಣೋ, ಪೊಗರೇ!" ಎಂದ ಕಿಟ್ಟಿ. ನಿಜ ಹೇಳುವುದಕ್ಕಿಂತ ಅವನಿಗೆ ಅದೇ ಸುಲಭವಾಗಿತ್ತು.

ಅವನು ಸೈಕಲ್ ಹತ್ತಿ ಹೋದ. ಜಗನ್ನಾಥ ಕಲ್ಲಿನ ಗೋದಲಿಯ ಮೇಲೆ ಕೂತುಬಿಟ್ಟ. ಅಷ್ಟು ದೊಡ್ಡ ಆಳು, ಅಂಗೈಯಲ್ಲಿ ಕಣ್ಣೊರೆಸಿಕೊಂಡು, ಅಲ್ಲೇ ವೈರು ಸುತ್ತುತ್ತಿದ್ದ ಅಲಮೇಲುವಿನ ಕಡೆ ತಿರುಗಿದ. "ನಾನು ಅವನಿಗೆ ಏನು ಮಾಡಿದೀನಿ ಹೇಳಿ, ಅಲಮೇಲು ಅವ್ರೇ?"

ಅಲಮೇಲು ಹೇಳಿಬಿಟ್ಟಳು.

ಮಾರನೇ ದಿನವೇ ಜಗನ್ನಾಥ ಕಿಟ್ಟಿಯನ್ನು ಟೂರಿನಿಂದ ಬಿಡಿಸಿದ. ಕಂಟೋನ್ಮೆಂಟ್ ಕಡೆಯ ಒಬ್ಬ ಆರ್ಗನ್ನಿನವನನ್ನು ಗೊತ್ತುಮಾಡಿಕೊಂಡ. ಕಿಟ್ಟಿಯ ಮನೆಗೆ ಹೋಗಿ, "ನಿನ್ನ ಕಿವಿಗಿಂತ ಬಾಂಬೆ ದೊಡ್ಡದಲ್ಲ ಮಗಾ," ಎಂದು ಅಪ್ಪಿಕೊಂಡನಂತೆ. ಕಿಟ್ಟಿ ಕಂಬದ ಹಾಗೆ ನಿಂತಿದ್ದನಂತೆ.

ಸಂಜೆ ಅವನು ಶೆಡ್ಡಿನ ಬಾಗಿಲಿಗೆ ಬಂದ.

"ಭಾಷೆ ಕೊಟ್ಟಿದ್ದೆ ನೀನು."

"ಪೂರ್ತಿ ಕಿವುಡಾಗ್ತಿದ್ರಿ."

"ಆಗ್ತಿದ್ದೆ. ಕಿವಿ ನನ್ನದು, ಅಲಮೇಲು. ನನ್ನ ಹತ್ರ ಬಂದು ಜಗಳ ಆಡ್ಬಹುದಿತ್ತು. ನನ್ನ ಬೆನ್ನ ಹಿಂದೆ ಅವನ ಹತ್ರ ಹೋದೆ."

ಅವನು ಹೇಳಿದ್ದರಲ್ಲಿ ಸುಳ್ಳು ಇರಲಿಲ್ಲ.

ಬ್ಯಾಂಡು ಹೋಗಿಬಂತು. ಬಾಂಬೆಯಲ್ಲಿ ಜನ ಎದ್ದುನಿಂತು ಚಪ್ಪಾಳೆ ಹೊಡೆದರಂತೆ. ಜಗನ್ನಾಥ ಅದನ್ನು ಅಲಮೇಲುಗೆ ತಲೆ ತಗ್ಗಿಸಿಕೊಂಡೇ ಹೇಳಿದ. ಕಿಟ್ಟಿ ಮಾತ್ರ ಮೂರು ತಿಂಗಳು ಯಾರ ಕಣ್ಣಿಗೂ ಬೀಳಲಿಲ್ಲ.

ಆಮೇಲೆ ಒಂದು ಮಧ್ಯಾಹ್ನ ಊಟದ ಬೆಲ್ಲಿನ ಹೊತ್ತಿಗೆ ಎಸ್ಟೇಟಿನ ಗೇಟಿನಲ್ಲಿ ನಿಂತಿದ್ದ. ಕೂದಲು ಕತ್ತರಿಸಿದ್ದ. ಹುಬ್ಬಳ್ಳಿಯಲ್ಲಿ ಬ್ಯಾಂಕಿನ ಕೆಲಸ ಸಿಕ್ಕಿದೆ, ನಾಳೆ ಹೊರಡುತ್ತೇನೆ ಎಂದ. ಇಬ್ಬರೂ ಹೊಂಗೆ ಮರದ ನೆರಳಿಗೆ ಸರಿದರು. ಅವಳು ತಾನಾಗೇ ಅವನ ಬಲಕ್ಕೆ ನಿಂತಳು.

"ಇನ್ನೂ ಕೋಪ ಇದೆಯಾ?"

"ಕೋಪ ಹೋಗಿ ತುಂಬಾ ದಿನ ಆಯ್ತು." ಅವನು ಅವಳನ್ನು ಮೊದಲಿನ ಹಾಗೇ ನೋಡಿದ. "ನಿನ್ನನ್ನ ಮದುವೆ ಆಗ್ಬೇಕು ಅಂತಿದ್ದೆ. ಟೂರಿಂದ ಬಂದು ಕೇಳೋಣ ಅಂತಿದ್ದೆ."

"ಈಗ ಕೇಳಿ."

ಅವಳ ದನಿ ಅಷ್ಟು ಸಣ್ಣಗಿತ್ತು. ಆದರೂ ಅವನಿಗೆ ಕೇಳಿಸಿತು.

"ನಿನ್ನ ಮುಖ ನೋಡ್ದಾಗೆಲ್ಲ ನಾನು ಹೋಗದೇ ಇದ್ದ ಬಾಂಬೆ ಕಾಣುತ್ತೆ. ಇದು ನಿನ್ನ ತಪ್ಪಲ್ಲ, ನನ್ನ ಸಣ್ಣತನ. ಹೋಗ್ಲಿ ಅಂತ ಎಷ್ಟೋ ಕಾದೆ. ಹೋಗ್ತಿಲ್ಲ. ಅದನ್ನ ಇಟ್ಕೊಂಡು ನಿನ್ನ ಜೊತೆ ಸಂಸಾರ ಮಾಡಿದ್ರೆ ದಿನಾ ಚೂರುಚೂರಾಗಿ ನಿನ್ನನ್ನ ನೋಯಿಸ್ತೀನಿ."

ಅವಳು ಸೆರಗಿನ ಅಂಚನ್ನು ಬೆರಳಿಗೆ ಸುತ್ತಿ ಬಿಚ್ಚಿದಳು. ಕೊನೆಗೆ ಹೇಳಿದಳು: "ಮತ್ತೆ ಅಂಥ ಸಂದರ್ಭ ಬಂದ್ರೆ, ಮೊದಲು ನಿಮ್ಮ ಹತ್ರ ಜಗಳ ಆಡ್ತೀನಿ. ನೀವು ಒಪ್ಪದೇ ಇದ್ರೆ ಆಗ್ಲೂ ಹೇಳಿಬಿಡ್ತೀನಿ."

"ಗೊತ್ತು," ಎಂದ ಕಿಟ್ಟಿ. ನಗಲು ನೋಡಿದ, ಆಗಲಿಲ್ಲ. "ಬರ್ತೀನಿ, ಅಲಮೇಲು."

ಬಸ್ಸು ಬಂತು. ಅವನು ಹತ್ತಿ ಹೋದ. ಅವಳು ಶೆಡ್ಡಿಗೆ ಮರಳಿದಳು, ಮುಖ ತೊಳೆದಳು, ಕೆಲಸಕ್ಕೆ ಕೂತಳು. ನಾಲ್ಕು ಗಂಟೆ ಹೊತ್ತಿಗೆ ಎಲ್ಲೋ ನೋಡುತ್ತ ಸಾಲ್ಡರಿಂಗ್ ಕಡ್ಡಿಯ ತುದಿಯನ್ನೇ ಹಿಡಿದುಬಿಟ್ಟಳು. ಪಕ್ಕದ ಬೆಂಚಿನ ನರಸಮ್ಮ ಕೊಬ್ಬರಿ ಎಣ್ಣೆ ಸೀಸೆ ಹಿಡಿದು ಓಡಿಬಂದರು.

"ಅಯ್ಯೋ, ಇಷ್ಟು ಸಣ್ಣ ಬೊಬ್ಬೆಗೆ ಇಷ್ಟೊಂದು ಅಳ್ತಾರೇನೇ ಹುಡುಗಿ?"

"ತುಂಬಾ ಉರೀತಿದೆ ನರಸಮ್ಮ," ಎಂದಳು ಅಲಮೇಲು. ಆ ಬೆರಳಿನ ನೆಪದಲ್ಲಿ, ಎಲ್ಲರ ಎದುರಿಗೇ, ಮನಸಾರೆ ಅತ್ತಳು.