ಬೀಗರೂಟ ಅಂತ ಬಂದ ಬೀಗ

“ಹೈ, ಬೀಗರೂಟ!” ಎಂದಳು ತೇಜು, ಕಂಪ್ಯೂಟರಿನ ಮುಂದೆ ಕುಳಿತಲ್ಲೇ.

ಕೇಳಿಸಿಕೊಳ್ಳಲು ಅಲ್ಲಿ ಯಾರೂ ಇರಲಿಲ್ಲ. ಅಮ್ಮ ಕಾಮಾಕ್ಷಮ್ಮ ಹಾಲು ತರಲು ಹೋಗಿದ್ದಳು. ಮಳವಳ್ಳಿಯ ಪೇಟೆ ಬೀದಿಯ ಆ ಮನೆಯ ಮುಂಭಾಗವೇ ಅಮ್ಮನ ಪುಟ್ಟ ಸ್ಟುಡಿಯೋ. ಮದುವೆ ಫೋಟೋ ತೆಗೆಯುವುದು, ಆಹ್ವಾನದ ಕಾರ್ಡ್ ಮಾಡಿಕೊಡುವುದು ಎರಡೂ ಅಲ್ಲೇ. ಹಾಗಾಗಿ ಈಮೇಲಿಗೆ ಯಾರದಾದರೂ ಕಾರ್ಡ್ ಬರುತ್ತಲೇ ಇತ್ತು.

ಈಗ ಬಂದದ್ದರ ಮೇಲೆ ‘ಬೀಗರ ಊಟದ ಆಹ್ವಾನ’ ಎಂದಿತ್ತು. ಕಳಿಸಿದವರು ಯಾರೋ ಗೊತ್ತಿಲ್ಲ. ಗೊತ್ತಿಲ್ಲದಿದ್ದರೇನು? ಮಂಡ್ಯದ ಕಡೆ ಮದುವೆ ತಪ್ಪಿಸಿಕೊಂಡವರೂ ಬೀಗರೂಟದ ಮುದ್ದೆ, ಮಟನ್ ಸಾರು ತಪ್ಪಿಸಿಕೊಳ್ಳುವುದಿಲ್ಲ. ಎಲ್ಲಿ, ಯಾವತ್ತು ಎಂದು ನೋಡದೆ ಬಿಡುವುದುಂಟೇ? ತೇಜು ಟಕಟಕ ಒತ್ತಿಯೇಬಿಟ್ಟಳು.

ಕಾರ್ಡ್ ತೆರೆಯಲಿಲ್ಲ. ಬದಲಿಗೆ ಫೋಟೋಗಳ ಹೆಸರುಗಳು ತಾವೇ ಬದಲಾಗತೊಡಗಿದವು. ಮದುಮಕ್ಕಳ ಪುಟ್ಟ ಚಿತ್ರಗಳು ಒಂದೊಂದಾಗಿ ಬರೀ ಬಿಳಿ ಹಾಳೆಯಾದವು. ನಡುವೆ ಇಂಗ್ಲಿಷಿನ ಚೀಟಿಯೊಂದು ಹುಟ್ಟಿಕೊಂಡಿತು. ತೇಜು ಅಕ್ಷರ ಕೂಡಿಸಿ ಓದಿದಳು. ನಿಮ್ಮ ಫೈಲುಗಳಿಗೆ ಬೀಗ ಹಾಕಿದ್ದೇವೆ, ಬೀಗದಕೈ ಬೇಕಾದರೆ ದುಡ್ಡು ಕಳಿಸಿ ಎಂದು ಅದರಲ್ಲಿತ್ತು.

ಅವಳ ಎದೆ ಧಸಕ್ಕೆಂದಿತು. ಟಿ.ವಿ. ಆಫ್ ಮಾಡುವ ಹಾಗೆ ಪರದೆಯ ಗುಂಡಿ ಒತ್ತಿದಳು. ಪರದೆ ಕಪ್ಪಾಯಿತು. ಸದ್ಯ, ನಿಂತುಹೋಯಿತು ಎಂದುಕೊಂಡಳು ಪಾಪ! ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗಾಯಿತು.

“ಯಾಕವ್ವ ಮಕ ಇಂಗಾಗದೆ? ಜ್ವರ ಬಂದದಾ?” ಎಂದಳು ಅಮ್ಮ ಬಂದವಳೇ.

“ಏನಿಲ್ಲಮ್ಮ.”

ಅಮ್ಮ ಉಪ್ಪಿಟ್ಟು ಕೊಟ್ಟಳು. ಹೇಳಿಬಿಡೋಣ ಎಂದು ಪ್ರತಿ ತುತ್ತಿಗೂ ಅನ್ನಿಸುತ್ತಿತ್ತು. ಆದರೆ ಪ್ರತಿ ತುತ್ತಿನ ಜೊತೆ ಮಾತೂ ಒಳಗೇ ಇಳಿಯಿತು.

ಅಷ್ಟರಲ್ಲಿ ಪೂರಿಗಾಲಿಯ ರೂಪ ಬಂದಳು. ಹೋದ ವಾರವಷ್ಟೇ ಅವಳ ಮದುವೆಯಾಗಿತ್ತು.

“ಕಾಮಾಕ್ಷಕ್ಕ, ಧಾರೆ ಫೋಟೋ ರೆಡಿ ಆಯ್ತಾ? ನಮ್ಮ ತಾತ ಬೆಳಗಿಂದ ಅದ್ನೇ ಕೇಳ್ತಾ ಅದೆ.”

ಅವಳ ತಾತ ಜವರಯ್ಯ ಹಾಸಿಗೆ ಹಿಡಿದು ಬಹಳ ದಿನವಾಗಿತ್ತು. ಆದರೂ ಕುರ್ಚಿಯಲ್ಲಿ ಹೊತ್ತು ತರಿಸಿಕೊಂಡು, ನಡುಗುವ ಕೈಯಿಂದ ಮೊಮ್ಮಗಳಿಗೆ ಹಾಲು ಧಾರೆ ಎರೆದಿದ್ದರು. “ಮೊಬೈಲ್ನೋರೆಲ್ಲ ಪಕ್ಕಕ್ಕೆ ಸರೀರಿ” ಎಂದು ಗದರಿ ಅಮ್ಮನೇ ಆ ಫೋಟೋ ತೆಗೆದಿದ್ದಳು. ಅದು ಬೇರೆ ಯಾರ ಹತ್ತಿರವೂ ಇರಲಿಲ್ಲ.

“ಈಗ್ಲೇ ತೋರುಸ್ತೀನಿ ಕಣಮ್ಮ” ಎಂದು ಅಮ್ಮ ಪರದೆಯ ಗುಂಡಿ ಒತ್ತಿದಳು.

“ಅಯ್ಯೋ ದೇವ್ರೇ!”

ಪರದೆ ತುಂಬ ಬಿಳಿ ಹಾಳೆಗಳು! ಹೆಸರುಗಳು ಇನ್ನೂ ಬದಲಾಗುತ್ತಲೇ ಇದ್ದವು. ಕಪ್ಪು ಪರದೆಯ ಹಿಂದೆ ಅದು ಇಷ್ಟು ಹೊತ್ತೂ ನಡೆಯುತ್ತಲೇ ಇತ್ತು!

ಅಮ್ಮ ಇಂಟರ್ನೆಟ್ಟಿನ ವೈರು ಕಿತ್ತಳು. ಕಂಪ್ಯೂಟರ್ ರಿಪೇರಿಯ ಅಶೋಕನಿಗೆ ಫೋನ್ ಮಾಡಿದಳು. ತೇಜು ಬೀರುವಿಗೆ ಓಡಿ, ಹಳೇ ಮದುವೆಗಳ ಹಾರ್ಡ್‌ಡಿಸ್ಕ್ ತಂದಳು.

“ಇದ್ನ ಹಾಕಮ್ಮ, ಇದ್ರಲ್ಲಿ ಹಳೇವೆಲ್ಲ ಅವೆ!”

“ಬ್ಯಾಡಿ, ಸಿಗಿಸ್ಬ್ಯಾಡಿ!” ಫೋನಿನಲ್ಲೇ ಕಿರುಚಿದ ಅಶೋಕ. “ಅದ್ನೂ ನುಂಗಾಕ್ತದೆ! ಇನ್ನೂ ಎಸ್ರು ಬದಲಾಯ್ತಾ ಅವಾ? ಪ್ಲಗ್ಗೇ ಕಿತ್ತಾಕಿ, ಬಂದೆ.”

ಬಂದವನು ಕಂಪ್ಯೂಟರ್ ಬಿಚ್ಚಿ, ಒಳಗಿನ ಡಿಸ್ಕನ್ನು ತನ್ನದೊಂದು ಯಂತ್ರಕ್ಕೆ ಜೋಡಿಸಿ ನೋಡಿದ. ಆಮೇಲೆ ತಲೆ ಅಲ್ಲಾಡಿಸಿದ.

“ಬೀಗರೂಟ ಅಂತ ಬಂದು ಬೀಗ ಜಡ್ದೋಗದೆ ಕಣಕ್ಕ.”

“ದುಡ್ಡು ಕೊಟ್ರೆ ತೆಗೆಯಲ್ವಾ ಅಣ್ಣ?” ಎಂದಳು ರೂಪ.

“ಕಳ್ಳನ್ನ ನಂಬ್ಕಂಡಾ? ಕೊಟ್ಟೋರ್ಗೂ ಬೀಗದಕೈ ಸಿಗ್ದೆ ಓಗದೆ. ಸೈಬರ್ ಕಳ್ಳರ ದೂರಿಗಿರೋ 1930ಕ್ಕೆ ಫೋನ್ ಮಾಡನ. ಆ ಚೀಟಿನ ಪೊಲೀಸ್ರಿಗೆ ತೋರ್ಸನ. ಈ ಡಿಸ್ಕ್ ಅಳಿಸ್ಬ್ಯಾಡಿ, ಮುಂದೆ ಯಾವತ್ತಾದ್ರೂ ಬೀಗ ತೆಗೆಯೋ ದಾರಿ ಸಿಕ್ಕುದ್ರೂ ಸಿಕ್ತು.”

ಹಳೇ ಮದುವೆಗಳು ಹಾರ್ಡ್‌ಡಿಸ್ಕಿನಲ್ಲಿ ಕ್ಷೇಮವಾಗಿದ್ದವು. ರೂಪಳದನ್ನು ಅಮ್ಮ ಅದಕ್ಕಿನ್ನೂ ಹಾಕಿರಲಿಲ್ಲ. ಕ್ಯಾಮೆರಾದ ಮೆಮೊರಿ ಕಾರ್ಡನ್ನೂ ಅಳಿಸಿ ನಾಮಕರಣವೊಂದಕ್ಕೆ ಬಳಸಿಬಿಟ್ಟಿದ್ದಳು.

“ಇವ್ರ ಮದುವೇಗೆ ಕೊನೇಗೆ ಬಂದದೆ, ಧಾರೆಗಂಟ ಓಗದೆ. ಊಟದ್ದು, ಎಣ್ಣು ಕಳ್ಸಿದ್ದು ಉಳ್ದವೆ” ಎಂದ ಅಶೋಕ. “ಥೂ, ಸುರುವಾದಾಗ್ಲೇ ಪ್ಲಗ್ ಕಿತ್ತಿದ್ರೆ ಇವ್ರದು ಒಂದೂ ಓಯ್ತಿರ್ಲಿಲ್ಲ. ಆಗ ಇಲ್ಲಿ ಯಾರೂ ಇರ್ಲಿಲ್ವಾ?”

ಹಾಗಾದರೆ ತಾತನ ಫೋಟೋ ಹೋದದ್ದು ತಾನು ಉಪ್ಪಿಟ್ಟು ತಿನ್ನುತ್ತಿದ್ದಾಗ!

“ನಾನಿದ್ದೆ” ಎಂದಳು ತೇಜು. “ನಾನೇ ಓಪನ್ ಮಾಡ್ದೆ. ಎದ್ರಿಕೆ ಆಯ್ತು. ಪರದೆ ಆಫ್ ಮಾಡಿ ಸುಮ್ಕೆ ಕುಂತ್ಕಬುಟ್ಟೆ.”

ಅಮ್ಮ ಬೈಯಲೂ ಇಲ್ಲ, ಹೊಡೆಯಲೂ ಇಲ್ಲ. ರೂಪ ಗೋಡೆ ಕಡೆ ತಿರುಗಿ ಕಣ್ಣೊರೆಸಿಕೊಂಡಳು. ಅಷ್ಟರಲ್ಲಿ ಅವಳ ಮೊಬೈಲ್ ಬಡಿದುಕೊಂಡಿತು.

“ತಾತಂದು” ಎಂದಳು ರೂಪ. “ನಾನೇನಂತ ಏಳ್ಲಿ?”

ತೇಜು ಕೈ ನೀಡಿದಳು. “ಕೊಡಕ್ಕ.”

“ತಾತ, ನಾನು ಫೋಟೋ ಕಾಮಾಕ್ಷಮ್ಮನ ಮಗ್ಳು ತೇಜು. ನೀವು ಧಾರೆ ಎರೆದ ಫೋಟೋ ಓಗ್ಬುಡ್ತು. ನನ್ನಿಂದ್ಲೇ ಓಗಿದ್ದು.”

“ಏನವ್ವ? ವಸಿ ಜೋರಾಗೇಳು, ಕಿವಿ ಕೇಳಕಿಲ್ಲ.”

ಅಮ್ಮ, ರೂಪ, ಅಶೋಕ ಮೂವರೂ ತೇಜುವನ್ನೇ ನೋಡುತ್ತಿದ್ದರು. ಅವಳು ಮೊಬೈಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಇಡೀ ಮಾತನ್ನು ಮೊದಲಿಂದ ಇನ್ನೊಂದು ಸಲ, ಬೀದಿಗೆಲ್ಲ ಕೇಳುವಷ್ಟು ಗಟ್ಟಿಯಾಗಿ ಹೇಳಿದಳು.